ಕೆರೆಯ ತಳದ ಕಪ್ಪು ಮಚ್ಚೆ

ವಿಮಾನದಿಂದ ತೆಗೆದ ಫೋಟೋ ನೋಡಿ ನೀರಿನ ತಳದಲ್ಲಿ ಏನಿದೆ ಎಂದು ನಕ್ಷೆ ಬರೆಯುವುದು ಸುಲಭ ಕಣ್ರೀ. ಅದು ನಿಜವೇ ಎಂದು ಜಾಗಕ್ಕೇ ಹೋಗಿ ನೋಡುವುದು ನನ್ನ ಕೆಲಸವಾಗಿತ್ತು. ಸಮುದ್ರದ ತಳ ನೋಡಲು ಇಳಿಯುವ ಮುನ್ನ ಕೈ ಪಳಗಲಿ ಎಂದು, ತೊಂಬತ್ತರ ದಶಕದಲ್ಲಿ, ನನ್ನನ್ನು ದಂಡಿನಶಿವರದ ಕಡೆಯ ಕೆರೆಯೊಂದಕ್ಕೆ ಕಳಿಸಿದರು. ದಡದ ಬಳಿಯ ಕಪ್ಪು ಮಚ್ಚೆಯನ್ನು ನಕ್ಷೆ ‘ಕಳೆ’ ಎಂದಿತ್ತು. ನಾನು ಹೌದೆಂದು ಗುರುತು ಹಾಕಿದರೆ, ಮುಂದಿನ ವಾರ ಯಂತ್ರ ಬಂದು ಎಲ್ಲವನ್ನೂ ಬಾಚಿ ಎಸೆಯುತ್ತಿತ್ತು.

ತೆಪ್ಪದಿಂದ ಕೋಲು ಇಳಿಸಿದೆ. ಮೆತ್ತಗಿತ್ತು. ಕಳೆಯೇ ಸರಿ ಎಂದು ಪೆನ್ನು ತೆಗೆಯುವಷ್ಟರಲ್ಲಿ, ದಡದಲ್ಲಿ ಹಗ್ಗ ಹೊಸೆಯುತ್ತಿದ್ದ ಹೆಂಗಸೊಬ್ಬಳು ಕೂಗಿದಳು: “ಏನ್ ಸ್ವಾಮಿ, ನನ್ ಕಾಯಿಮಟ್ಟೆ ತಿವೀತಿದ್ದೀರಲ್ಲ!”

“ಇದು ಕಳೆ ಕಣಮ್ಮ, ಆಕಾಶದಿಂದ ಫೋಟೋ ತೆಗೆದಿದ್ದಾರೆ.”

“ಆಕಾಸದಲ್ಲಿರೋರಿಗೆ ಏನ್ ಗೊತ್ತು ಬುಡಿ! ನಾರು ಬಿಡ್ಲಿ ಅಂತ ಆರು ತಿಂಗಳಿಂದ ನೆನೆಹಾಕಿವ್ನಿ. ವರ್ಸೆಲ್ಲಾ ಹೊಸೆಯೋ ಹಗ್ಗ ಅದ್ರಲ್ಲೇ ಐತೆ.”

ಸೊಂಟಮಟ್ಟ ನೀರಿಗಿಳಿದು, ಮೇಲೆ ಹೇರಿದ್ದ ಕಲ್ಲು ಸರಿಸಿ, ಕೊಳೆತ ತೆಂಗಿನಕಾಯಿ ಮಟ್ಟೆಯೊಂದನ್ನು ತಂದು ನನ್ನ ಮೂಗಿಗೇ ಹಿಡಿದಳು. ಆ ವಾಸನೆಯ ಮುಂದೆ ಯಾವ ಫೋಟೋ ತಾನೇ ನಿಂತೀತು!

ನಕ್ಷೆ ತಪ್ಪು ಎಂದು ಖುಷಿಯಿಂದಲೇ ಬರೆದೆ. ನಮೂನೆಯಲ್ಲಿ ಮಟ್ಟೆಗೆ ಕಾಲಂ ಇರಲಿಲ್ಲ. ಸ್ಕೇಲು ಇಟ್ಟು ನಾನೇ ಒಂದು ಎಳೆದೆ. ಆಮೇಲೆ ಸಮುದ್ರದ ಕೆಲಸಕ್ಕೆಂದು ಅಚ್ಚು ಹಾಕಿಸಿದ ನಮೂನೆಗಳಲ್ಲೂ ಆ ಕಾಲಂ ತಪ್ಪದೆ ಬಂತು. ನಾನು ನಿವೃತ್ತನಾಗುವವರೆಗೂ ಖಾಲಿಯಾಗಿಯೇ ಇತ್ತು.