ಹೆಲಿಪ್ಯಾಡಿನ ಧರ್ಮಣ್ಣ

ಖಡಕಿ ದಾಟಿ ಮುಂಬೈ ರಸ್ತೆಯ ಬದಿಯಲ್ಲಿದ್ದ ಎಂಜಿನ್ ಕಾರ್ಖಾನೆಯವರು ೧೯೭೪ರಲ್ಲಿ ತಮ್ಮ ಹಿಂದಿನ ಬಯಲಿನಲ್ಲಿ ಹೆಲಿಕಾಪ್ಟರ್ ಇಳಿಯಲಿಕ್ಕೆ ಕಾಂಕ್ರೀಟು ಹಾಕಿಸಿದರು. ಆ ಕೆಲಸಕ್ಕೆ ಅಫಜಲಪುರದ ಕಡೆಯಿಂದ ಬಂದ ಗುಂಪಿನಲ್ಲಿ ಧರ್ಮಣ್ಣನೂ ಇದ್ದ. ಕೆಲಸ ಮುಗಿದ ಮೇಲೆ ಉಳಿದವರು ಬೇರೆ ಕಟ್ಟಡಕ್ಕೆ ಹೋದರು. ಹೇಳಿದ್ದನ್ನು ಚಾಚೂ ತಪ್ಪದೆ ಮಾಡುವವನು ಇವನೊಬ್ಬನೇ ಎಂದು ಮ್ಯಾನೇಜರ್ ರಘುರಾಮ ಅವರು ಧರ್ಮಣ್ಣನನ್ನು ಅಲ್ಲೇ ಕಾವಲಿಗೆ ಇಟ್ಟುಕೊಂಡರು.

ಎಮ್ಮೆಗಳನ್ನು ಓಡಿಸುವುದು, ಧೂಳು ಏಳದಂತೆ ನೀರು ಹೊಡೆಯುವುದು, ಮಾಲೀಕರು ಮುಂಬೈಯಿಂದ ಹಾರಿ ಬಂದಾಗ ಹಸಿರು ಬಾವುಟ ಹಿಡಿದು ನಿಲ್ಲುವುದು, ಇಷ್ಟೇ ಕೆಲಸ. ಮಾಲೀಕರು ಬರುತ್ತಿದ್ದದ್ದು ವರ್ಷಕ್ಕೆ ಎರಡೇ ಸಲ. ಮಿಕ್ಕ ದಿನವೆಲ್ಲ ಆ ಜಾಗ ಧರ್ಮಣ್ಣನ ಹೆಂಡತಿ ಸಕ್ಕುಬಾಯಿಯದು. ಅಷ್ಟು ನುಣ್ಣಗಿನ ಕಣ ತಮ್ಮೂರಲ್ಲೂ ಇಲ್ಲವೆಂದು ಅವಳು ಅಲ್ಲಿ ಸಂಡಿಗೆ, ಮೆಣಸಿನಕಾಯಿ ಒಣಹಾಕುತ್ತಿದ್ದಳು. ಒಮ್ಮೆ ಮಾಲೀಕರು ಹೇಳದೆ ಬಂದಿಳಿದಾಗ, ಕಾರ್ಖಾನೆಯ ದೊಡ್ಡ ಅಧಿಕಾರಿಗಳೆಲ್ಲ ಸೀನುತ್ತಲೇ ಅವರನ್ನು ಸ್ವಾಗತಿಸಿದರು.

೧೯೮೩ರಲ್ಲಿ ಖರ್ಚು ತಗ್ಗಿಸಬೇಕೆಂದು ಮಾಲೀಕರು ಹೆಲಿಕಾಪ್ಟರ್ ಮಾರಿದರು. ಹೆಲಿಪ್ಯಾಡ್ ಮುಚ್ಚಲು ಸ್ವತಃ ಸಹಿ ಹಾಕಿ ಆದೇಶ ಕಳಿಸಿದರು. ಧರ್ಮಣ್ಣ ಕಾಂಕ್ರೀಟಿನ ಮೇಲೆ ಬಿಳಿ ಬಣ್ಣದಲ್ಲಿ ಕತ್ತರಿಯಾಕಾರದ ದೊಡ್ಡ ಅಡ್ಡಗೆರೆಗಳನ್ನು ಎಳೆದ. ರಘುರಾಮ ಅವರು ಆದೇಶ ಓದಿ ಹೇಳಿ, ಅದರ ಒಂದು ಪ್ರತಿಯನ್ನು ಅವನ ಕೈಗೆ ಕೊಟ್ಟರು.

"ಇವತ್ತಿಂದ ಇಲ್ಲಿ ಯಾರೂ ಇಳೀಬಾರದು. ಯಾರೂ ಅಂದ್ರ ಯಾರೂ. ಹಸರು ಬಾವುಟ ಕೊಡು, ಕೆಂಪು ತೊಗೊ."

"ಯಾರೂ ಬರಂಗಿಲ್ಲಂದ್ರ ಮತ್ತ ಕಾಯೂದ್ಯಾಕ್ರಿ ಸಾಹೇಬ್ರ?"

"ಬರಂಗಿಲ್ಲ ಅಂತ ನೋಡ್ಕೊಳ್ಳಾಕ!"

ಒಂಬತ್ತು ವರ್ಷ ಓಣಿಯವರ ಬಾಯಲ್ಲಿ 'ವಿಮಾನದ ಧರ್ಮಣ್ಣ' ಎನಿಸಿಕೊಂಡವನು ಎರಡು ದಿನ ಓಣಿಯಲ್ಲಿ ಮುಖ ತೋರಿಸಲಿಲ್ಲ.

ನಾಲ್ಕು ತಿಂಗಳು ಕಳೆದಿರಬೇಕು. ಒಂದು ಬೆಳಿಗ್ಗೆ ಆಕಾಶದಲ್ಲಿ ಸದ್ದಾಯಿತು. ಬೇರೆ ಯಾವುದೋ ಕಂಪನಿಯ ಹೆಲಿಕಾಪ್ಟರು. ಧರ್ಮಣ್ಣ ಕೆಂಪು ಬಾವುಟ ಬೀಸಿದ. ಅದು ಒಂದು ಸುತ್ತು ಹಾಕಿ ಮತ್ತೆ ಕೆಳಗೆ ಬಂತು. ಧರ್ಮಣ್ಣ ಓಡಿಹೋಗಿ ಅಡ್ಡಗೆರೆಗಳು ಕೂಡುವ ಜಾಗದಲ್ಲೇ ನಿಂತುಬಿಟ್ಟ. ಪೈಲಟ್ ಬೇರೆ ದಾರಿ ಕಾಣದೆ ಆಚೆಯ ಉತ್ತ ಹೊಲದಲ್ಲಿ ಇಳಿಸಿದ. ಅದರಿಂದ ಇಳಿದು, ಬೂಟು ಕೈಯಲ್ಲಿ ಹಿಡಿದು ಕೆಸರು ತುಳಿಯುತ್ತ ಬಂದವರು ಸಾಕ್ಷಾತ್ ಮಾಲೀಕರು! ಹಿಂದೆ ಇಬ್ಬರು ಜರ್ಮನ್ ಅತಿಥಿಗಳು; ಅವರಿಗೆಂದೇ ಹೆಲಿಕಾಪ್ಟರು ಬಾಡಿಗೆಗೆ ಹಿಡಿದಿದ್ದರು.

ರಘುರಾಮ ಅವರು ಬೆವರುತ್ತ ಓಡಿ ಬಂದರು. "ಮಾರಾಯಾ, ಏನ್ ಮಾಡಿದಿ? ಅವರು ಮಾಲಕ್ರೋ!"

"ಯಾರೂ ಅಂದ್ರ ಯಾರೂ ಅಂತ ನೀವೇ ಹೇಳಿದ್ರಲ್ರಿ," ಎಂದು ಧರ್ಮಣ್ಣ ಅಂಗಿಯ ಕಿಸೆಯಿಂದ ಮಡಿಚಿದ ಆದೇಶ ತೆಗೆದ.

ಮಾಲೀಕರು ಕಾಗದ ಓದಿದರು. ಕೆಳಗೆ ತಮ್ಮದೇ ಸಹಿ. ಅಷ್ಟರಲ್ಲಿ ಅತಿಥಿಗಳು, ಶಿಸ್ತೆಂದರೆ ಇದು ಎಂದು ಧರ್ಮಣ್ಣನ ಕೈ ಕುಲುಕತೊಡಗಿದ್ದರು. ಇನ್ನು ಸಿಟ್ಟು ಮಾಡುವಂತಿರಲಿಲ್ಲ. "ಈ ಕಾರ್ಖಾನೆಯಲ್ಲಿ ನನ್ನ ಕಾಗದಗಳನ್ನು ಸರಿಯಾಗಿ ಓದುವವನು ಇವನೊಬ್ಬನೇ," ಎಂದು ಮಾಲೀಕರು ಹಿಂದಿಯಲ್ಲಿ ಘೋಷಿಸಿ, ಅವನನ್ನು ಆಫೀಸಿನ ಟಪಾಲು ವಿಭಾಗಕ್ಕೆ ಹಾಕಿರೆಂದರು.

ಧರ್ಮಣ್ಣನಿಗೆ ಒಂದಕ್ಷರವೂ ಬಾರದೆಂದು ಹೇಳುವ ಧೈರ್ಯ ರಘುರಾಮರಿಗೆ ಆಗಲಿಲ್ಲ.

ಊರಿನ ಇನ್ನೊಂದು ತುದಿಯ ಕೋಥರೂಡಿನಿಂದ ಬರುತ್ತಿದ್ದ ಧಾರವಾಡದ ಹುಡುಗಿ ಕುಸುಮ ಅಲ್ಲಿ ಟೈಪಿಸ್ಟ್. ಅವಳು ಲಕೋಟೆ ಮೇಲಿನ ಹೆಸರು ಓದಿ ಹೇಳುವಳು, ಇವನು ಮುಟ್ಟಿಸುವನು. ಒಂದು ದಿನ ಅವಳೆಂದಳು, "ಧರ್ಮಣ್ಣಾರ, ಮಧ್ಯಾಹ್ನ ಅರ್ಧಾ ತಾಸು ಕುಂದರ್ರಿ. ನಾ ಓದಾಕ ಕಲಸ್ತೀನಿ."

"ಬ್ಯಾಡ್ರಿ ಬಾಯಾರ," ಎಂದ ಧರ್ಮಣ್ಣ ಗಾಬರಿಯಿಂದ. "ಓದ್ಲಾಕ ಬರ್ಲಾರದಕ್ಕೇ ಇಲ್ಲೀತನಕಾ ಬಂದೀನಿ."

ಕುಸುಮ ಮತ್ತೆ ಒತ್ತಾಯಿಸಲಿಲ್ಲ. ಅವನು ನಿವೃತ್ತನಾಗುವವರೆಗೆ ಐದು ವರ್ಷ ಹೀಗೇ ನಡೆಯಿತು; ಒಂದು ಕಾಗದವೂ ತಪ್ಪು ಮೇಜಿಗೆ ಹೋಗಲಿಲ್ಲ. ಕುರ್ಚಿಯಲ್ಲಿ ಕೂತು ಕೂತು ಸೊಂಟ ಹಿಡಿಯುತ್ತದೆಂದು ಊಟದ ಹೊತ್ತಿನಲ್ಲಿ ಮಾತ್ರ ಅವನು ಹಿಂದಿನ ಬಯಲಿಗೆ ಹೋಗಿ, ಆ ಅಡ್ಡಗೆರೆಗಳ ಮೇಲೆ ಬಿಸಿಲಲ್ಲಿ ನಿಂತಿರುತ್ತಿದ್ದ.