ಹಬ್ಬಕ್ಕೆ ತೊಳೆದ ಪಾಚಿ

ನಾಗರಿಕತೆಯ ಸಮಸ್ತ ಪಾಪವೂ ಕೊನೆಗೆ ಕಡಲನ್ನೇ ಸೇರುತ್ತದೆ. ಚೆಂಬೂರಿನಲ್ಲಿ ಅದರ ಒಂದಂಶ ಮಾತ್ರ ದಾರಿ ತಪ್ಪಿ, ನಮ್ಮ ಕಾಕುವಿನ ಅಡಿಗೆಮನೆಯ ಕಿಟಕಿಯಲ್ಲಿ, ಉಪ್ಪಿನಕಾಯಿ ಬಾಟಲಿಯೊಳಗೆ ತಂಗಿತ್ತು.

ಎಪ್ಪತ್ತರ ದಶಕದ ಆರಂಭ. ಕಾಕಾ-ಕಾಕು, ಅಂದರೆ ಚಿಕ್ಕಪ್ಪ-ಚಿಕ್ಕಮ್ಮನ ಮನೆಯಲ್ಲಿದ್ದುಕೊಂಡು ಎಂ.ಎಸ್ಸಿ. ಓದುತ್ತಿದ್ದೆ. ಹತ್ತಿರದ ಬಣ್ಣದ ಕಾರ್ಖಾನೆಯೊಂದು ತನ್ನ ಕೊಳೆನೀರನ್ನು ಶುದ್ಧ ಮಾಡಿಯೇ ಖಾಡಿಗೆ, ಅಂದರೆ ಕಡಲ ಹಿನ್ನೀರಿಗೆ, ಬಿಡುತ್ತೇನೆಂದು ಹೇಳಿಕೊಳ್ಳುತ್ತಿತ್ತು. ಆ ಶುದ್ಧ ನೀರು ಕಡಲ ಪಾಚಿಯನ್ನು ಏನು ಮಾಡುತ್ತದೆ ಎಂಬುದು ನನ್ನ ಪ್ರಬಂಧದ ವಿಷಯ. ಕಾಕುವಿನಿಂದ ಕಡ ತಂದ ಬಾಟಲಿಗಳಲ್ಲಿ ಸಮುದ್ರದ ನೀರು ಮತ್ತು ಪಾಚಿ; ಒಂದರಲ್ಲಿ ಮಾತ್ರ ಅವುಗಳ ಜೊತೆಗೆ ಕಾರ್ಖಾನೆಯ ನೀರು. ದೀಪಾವಳಿಗೆ ಕಾಲೇಜಿಗೆ ಬೀಗ ಬಿದ್ದದ್ದರಿಂದ ಎಲ್ಲವನ್ನೂ ಲೋಕಲ್‌ನಲ್ಲಿ ಹಸುಗೂಸಿನಂತೆ ತೊಡೆಯ ಮೇಲಿಟ್ಟುಕೊಂಡು ಮನೆಗೆ ತಂದಿದ್ದೆ. ರಜೆ ಮುಗಿದೊಡನೆ ಪ್ರೊಫೆಸರರಿಗೆ ತೋರಿಸಬೇಕು. ಇಲ್ಲವಾದರೆ ಆ ವರ್ಷ ಡಿಗ್ರಿ ಇಲ್ಲ.

ಪ್ರಯೋಗ ಅಮೋಘವಾಗಿ ಸಾಗಿತ್ತು. ಬರೀ ಸಮುದ್ರದ ನೀರಿನಲ್ಲಿ ಪಾಚಿ ಹಸಿರು ಮಖಮಲ್ಲಿನಂತೆ ಬೆಳೆದಿತ್ತು. ಕಾರ್ಖಾನೆಯ ನೀರು ಬೆರೆತದ್ದರಲ್ಲಿ ಅದು ಸತ್ತು ಕರಗಿ, ಬಾಟಲಿ ಸ್ಫಟಿಕದಂತೆ ತಿಳಿಯಾಗಿತ್ತು.

ಅಷ್ಟರಲ್ಲಿ ನೀರು ತುಂಬುವ ಹಬ್ಬ ಬಂತು. ಅಂದು ಮನೆಯ ಪಾತ್ರೆಪಗಡೆಯನ್ನೆಲ್ಲ ತಿಕ್ಕಿ ಹೊಸ ನೀರು ತುಂಬಿಡಬೇಕು. ಎಣ್ಣೆ ತರಲು ಮಾಟುಂಗಕ್ಕೆ ಹೋದ ನಾನು ಬಂದು ನೋಡುತ್ತೇನೆ, ಬಾಟಲಿಗಳೆಲ್ಲ ಥಳಥಳ ಹೊಳೆಯುತ್ತ, ನಳದ ನೀರು ತುಂಬಿಕೊಂಡು, ಕೊರಳಿಗೆ ಅರಿಸಿನ ಕುಂಕುಮ ಹಚ್ಚಿಸಿಕೊಂಡು ಮದುವಣಗಿತ್ತಿಯರಂತೆ ಕುಳಿತಿದ್ದವು.

“ಕಾಕು, ಇದರಾಗ ನನ್ನ ಪಾಚಿ ಇತ್ತಲ್ಲ?”

“ಇತ್ತಪಾ. ಭಾಳ ಜಿಗಟು. ಬೂದಿ ಹಚ್ಚಿ ತಿಕ್ಕಿ ತಿಕ್ಕಿ ರಟ್ಟಿ ಬಿದ್ದು ಹೋತು. ಎಂ.ಎಸ್ಸಿ. ಓದತಿ, ಒಂದು ಬಾಟ್ಲಿ ಸ್ವಚ್ಛ ಇಟಗೊಳ್ಳಿಕ್ಕೆ ಬರಂಗಿಲ್ಲ.”

“ಎಲ್ಲಾನೂ ತೊಳದಿ?”

“ಇದೊಂದು ಬಿಟ್ಟೆ. ಮದಲ ಸ್ವಚ್ಛ ಇತ್ತು.”

ಅದು ಕಾರ್ಖಾನೆಯ ನೀರಿನ ಬಾಟಲಿ. ಅದಕ್ಕೆ ಒಂದು ಚೆಂಡುಹೂವು ಹೆಚ್ಚಿಗೆ ಸಿಕ್ಕಿತ್ತು.

ಕಾಕಾ ಪೇಪರಿನಿಂದ ತಲೆಯೆತ್ತಿ ಗಂಭೀರವಾಗಿ ಹೇಳಿದ: “ನಿಮ್ಮ ಪ್ರೊಫೆಸರಗ ತಿಳಿಸು. ಕಾರ್ಖಾನಿಯವರು, ನಿಮ್ಮ ಕಾಕು ಇಬ್ಬರೂ ಒಂದ ಕೆಲಸಾ ಮಾಡ್ಯಾರ. ಇಕಿ ಲಗೂ ಮುಗಿಸ್ಯಾಳ.”

ರಜೆ ಮುಗಿದ ಮೇಲೆ, ಕುಂಕುಮ ಹಚ್ಚಿದ ಆ ಒಂದೇ ಬಾಟಲಿಯನ್ನು ಪ್ರೊಫೆಸರರ ಮುಂದಿಟ್ಟೆ. ಹೋಲಿಸಿ ನೋಡಲು ಬದುಕಿರುವ ಪಾಚಿ ಎಲ್ಲಿ ಎಂದು ಕೇಳಿದರು. ಇರಲಿಲ್ಲ. ಡಿಗ್ರಿ ಒಂದು ವರ್ಷ ತಡವಾಗಿ ಬಂತು.