ರಸ್ತೆಗೆ ಮುಖ, ಅಕ್ಕನಿಗೆ ಬೆನ್ನು

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಊರಿಗೆ ನೀರೆತ್ತುವ ಪಂಪ್‌ಹೌಸಿನ ಗೋಡೆ ಒಳಗಿನ ಯಂತ್ರದ ಸದ್ದಿಗೆ ಸಣ್ಣಗೆ ನಡುಗುತ್ತಿದೆ. ಗೋಡೆಗೂ ರಸ್ತೆಬದಿಯ ತಂತಿಬೇಲಿಗೂ ನಡುವೆ ಒಂದು ಪಟ್ಟಿ ಒದ್ದೆ ನೆಲ. ಅಲ್ಲಿ ಆಳೆತ್ತರದ ಗಿಡಗಳ ನಡುವೆ ಒಬ್ಬ ಹೆಂಗಸು ಮುಳುಗಿದ್ದಾಳೆ. ಕಾಣುವುದು ತಲೆಗೆ ಕಟ್ಟಿದ ಬಟ್ಟೆ ಮಾತ್ರ. ರಬ್ಬರ್ ಬೂಟು ಕೆಸರಿನಿಂದ ಕಿತ್ತುಬರುವ ಸದ್ದು ಅವಳು ಎಲ್ಲಿದ್ದಾಳೆಂದು ಹೇಳುತ್ತದೆ. ರಾತ್ರಿಯ ಗಾಳಿಗೆ ವಾಲಿದ ಕಾಂಡಗಳನ್ನು ಒಂದೊಂದಾಗಿ ಎತ್ತಿ ಬಿದಿರುಕಡ್ಡಿಗೆ ಹಳೇ ಬಟ್ಟೆಯ ಪಟ್ಟಿಯಿಂದ ಕಟ್ಟುತ್ತಿದ್ದಾಳೆ. ದಾರ ಕಟ್ಟಿದರೆ ಅದು ಕಾಂಡವನ್ನು ಕುಯ್ಯುತ್ತದಂತೆ.

ಇಲ್ಲಿ ಎಲ್ಲರ ಬಾಯಲ್ಲೂ ಅವಳು ತೋಟದಕ್ಕ. ಈ ಆವರಣದ ಹುಲ್ಲು ಕತ್ತರಿಸುವುದು, ಕಸ ಗುಡಿಸುವುದು, ಗೇಟಿನ ಪಕ್ಕದ ಕುಂಡಗಳಿಗೆ ನೀರು ಹಾಕುವುದು ಅವಳ ಸಂಬಳದ ಕೆಲಸ. ಬೇಲಿಯ ಪಕ್ಕದ ಈ ಡೇಸಿ ಹೂಗಿಡಗಳು ಮಾತ್ರ ಯಾರೂ ಹೇಳದೆ ಮಾಡುವ ಕೆಲಸ. ಬೇಸಿಗೆಯಿಡೀ ಬರೀ ಸೊಪ್ಪು. ಮಿಕ್ಕ ಹೂಗಳೆಲ್ಲ ಅರಳಿ, ಉದುರಿ, ಮರೆತುಹೋದ ಮೇಲೆ, ಬೆಳಗಿನ ಗಾಳಿಗೆ ಕಿವಿ ತಣ್ಣಗಾಗುವ ಹೊತ್ತಿಗೆ ಇವು ಅರಳುತ್ತವೆ. ಬಿಳಿ ಎಸಳು, ನಡುವೆ ಹಸಿರು ಬೆರೆತ ಹಳದಿ ಗುಂಡಿ.

"ಹೊಸಬರು ಬಂದವರೆಲ್ಲ ಕಳೆ ಅಂತ ಕೀಳೋಕೆ ಹೋಗ್ತಾರೆ. ತಡಿಯಪ್ಪಾ, ಇದು ಸೋಮಾರಿ ಗಿಡ, ಎಲ್ಲರೂ ಊಟ ಮುಗಿಸಿ ಎದ್ದ ಮೇಲೆ ಕೈ ತೊಳೆಯೋಕೆ ಬರತ್ತೆ ಅಂತೀನಿ" ಎನ್ನುತ್ತಾಳೆ ತೋಟದಕ್ಕ.

ಗಿಡಕ್ಕೆ ಬೇಕಾದ್ದು ಬಿಸಿಲು, ಮತ್ತೆ ಕಾಲ ಬುಡದಲ್ಲಿ ಆರದ ತೇವ. ಆ ತೇವ ಬರುವುದು ಪಂಪಿನಿಂದ. ಹಳೇ ಪಂಪು ತಿರುಗುವಾಗ ಅದರ ಕುತ್ತಿಗೆಯಿಂದ ಹನಿ ಹನಿ ನೀರು ತೊಟ್ಟಿಕ್ಕಬೇಕು. ಪೂರ್ತಿ ಬಿಗಿದರೆ ಉಜ್ಜಿ ಸುಟ್ಟುಹೋಗುತ್ತದೆ. ಆ ಹನಿ ಗೋಡೆಯ ತೂತಿನಿಂದ ಹೊರಬಂದು ಪಾತಿಗೆ ಇಳಿಯುತ್ತದೆ.

"ನನ್ನ ಪಂಪಿನ ಬೆವರು ಕುಡಿದು ಬೆಳೆದ ಹೂವು. ನನಗೊಂದು ಕೊಟ್ಟಿದ್ದುಂಟಾ ಇವಳು?" ಎಂದು ಕಿಟಕಿಯಿಂದ ತಲೆ ಹಾಕುತ್ತಾನೆ ಪಂಪು ನಡೆಸುವವನು.

"ನಿನ್ನ ಬೆವರು ಅಂದಿದ್ರೆ ಗಿಡ ಎಂದೋ ಒಣಗ್ತಿತ್ತು ಕಣಣ್ಣ. ನೀನು ಬೆವರಿದ್ದು ಯಾವಾಗ?"

ಅವನು ನಗುತ್ತಾನೆ. ಆಮೇಲೆ ನಗು ಇಳಿಯುತ್ತದೆ. ಮುಂದಿನ ತಿಂಗಳು ಹೊಸ ಪಂಪು ಬರಲಿದೆ. "ಅದಕ್ಕೆ ಬೆವರೋ ಅಭ್ಯಾಸ ಇಲ್ಲವಂತೆ ತೋಟದಕ್ಕ" ಎನ್ನುತ್ತಾನೆ ಮೆಲ್ಲಗೆ.

ಅವಳ ಕಣ್ಣು ರಸ್ತೆಯ ಮೇಲಿದೆ.

ಈ ಡೇಸಿ ತೋಟದಕ್ಕನ ಅಮ್ಮನದು. ಬಾಡಿಗೆ ಮನೆಯ ಹಿಂದೆ, ಪಾತ್ರೆ ತೊಳೆದ ನೀರು ಹೋಗುವ ಜಾಗದಲ್ಲಿ ಅಮ್ಮ ಬೆಳೆಸಿದ್ದು. ಅಮ್ಮ ತೀರಿಕೊಂಡು ಮನೆ ಖಾಲಿ ಮಾಡುವಾಗ ಅವಳಿಗೂ ಅವಳ ತಂಗಿಗೂ ಹಂಚಿಕೊಳ್ಳಲು ಇದ್ದದ್ದು ಒಂದಿಷ್ಟು ಪಾತ್ರೆ, ಒಂದು ಗಿಡ. ಪಾತ್ರೆಗೆ ಜಗಳವಾಗಲಿಲ್ಲ. ಗಿಡದ ಬುಡ ಅಗೆದು ಹೊರಳಿಸಿದ ಅಕ್ಕ ಸನಿಕೆಯಿಂದ ಸೀಳಿದಳು. ನಡುವಿನ ದಪ್ಪ ಗಡ್ಡೆ ಅಮ್ಮ ಕೈಯಾರೆ ನೆಟ್ಟದ್ದು, ಎಲ್ಲಕ್ಕಿಂತ ಹಳೆಯದು. ಅದು ಚಿಕ್ಕವಳಿಗೆ ಇರಲಿ ಎಂದು ಎತ್ತಿಕೊಟ್ಟಳು. ಸುತ್ತಲಿನ ಪುಡಿ ಚಿಗುರು ತಾನಿಟ್ಟುಕೊಂಡಳು.

ಎಡವಟ್ಟಾದದ್ದು ಅಲ್ಲೇ. ಈ ಗಿಡ ಹೊರಹೊರಕ್ಕೆ ಬೆಳೆಯುತ್ತದೆ. ಜೀವವೆಲ್ಲ ಅಂಚಿನಲ್ಲಿ. ನಡುವಿನ ಭಾಗ ವರ್ಷಗಳು ಕಳೆದಂತೆ ಕಟ್ಟಿಗೆಯಾಗಿ ಸಾಯುತ್ತದೆ. ತಂಗಿ ದೊಡ್ಡ ಕುಂಡದಲ್ಲಿಟ್ಟು ನೀರೆರೆದೇ ಎರೆದಳು, ಒಂದು ಚಿಗುರೂ ಬರಲಿಲ್ಲ. ಅಕ್ಕನ ಗಿಡ ಮಾತ್ರ ಮರುವರ್ಷವೇ ಹೂವಾಯಿತು.

"ನೋಡೋಕೆ ಬಂದಳು. ಹೂವು ಮುಟ್ಟಿದಳು. 'ನಡುವಿನ ಸತ್ತಿದ್ದು ನನಗೆ, ಅಂಚಿನ ಜೀವ ನಿನಗೆ. ಗೊತ್ತಿದ್ದೇ ಕೊಟ್ಟೆ' ಅಂದಳು. ನನಗೆ ಗೊತ್ತಿರಲಿಲ್ಲ ಕಣೇ ಅನ್ನಬೇಕಿತ್ತು. ಅಮ್ಮನ ಗಿಡದ ವಿಷಯ ನಿನಗೆ ಗೊತ್ತಿಲ್ದೆ ಇರತ್ತಾ ಅಂತ ಬೇರೆ ಅಂದುಬಿಟ್ಟಳಲ್ಲ, ನನಗೂ ಸಿಟ್ಟು ಬಂತು. 'ಸಾಕೋಕೆ ಬರದವಳು ಕೊಟ್ಟವರನ್ನ ಬೈಬಾರದು' ಅಂದೆ" ಎನ್ನುತ್ತಾಳೆ ತೋಟದಕ್ಕ.

ಅಷ್ಟೇ. ಅಂದಿನಿಂದ ಮಾತಿಲ್ಲ. ಅಕ್ಕನ ತಲೆಗೂದಲು ಅರ್ಧ ನೆರೆತಿದೆ. ಗಿಡವನ್ನು ಆಗಾಗ ಅಗೆದು, ನಡುವಿನದನ್ನು ಬಿಸಾಕಿ, ಅಂಚು ಹಂಚುವುದನ್ನು ಅವಳು ಆಮೇಲೆ ಕಲಿತಳು. ಬೀದಿಯವರಿಗೆ ಕೊಟ್ಟಿದ್ದಾಳೆ, ಶಾಲೆಗೆ ಕೊಟ್ಟಿದ್ದಾಳೆ, ಹೂವೆಂದರೆ ಮೂಗು ಮುರಿಯುವ ಕಚೇರಿಯ ಸಾಹೇಬರ ಮನೆಗೂ ಕೊಟ್ಟಿದ್ದಾಳೆ.

ತಂಗಿಗೆ ಈಗ ಆಸ್ಪತ್ರೆಯ ಬಟ್ಟೆ ಒಗೆಯುವಲ್ಲಿ ಕೆಲಸ. ಅವಳ ಬಸ್ಸು ದಿನಾ ಬೆಳಿಗ್ಗೆ ಇದೇ ರಸ್ತೆಯಲ್ಲಿ ಬಂದು ಬೇಲಿಯಾಚೆಯ ನಿಲ್ದಾಣದಲ್ಲಿ ನಿಲ್ಲುತ್ತದೆ. ಹಿಂದಿನ ಬಾಗಿಲ ಪಕ್ಕದ ಕಿಟಕಿ ಅವಳದು. ಹೂವು ಬಿಸಿಲು ಬರುವ ಕಡೆ ತಿರುಗುವ ಜಾತಿ, ಬಿಸಿಲು ಬರುವುದು ರಸ್ತೆಯ ಕಡೆಯಿಂದ. ಹಾಗಾಗಿ ಹೂಗಳ ಮುಖವೆಲ್ಲ ಬಸ್ಸಿಗೆ. ತೋಟದಕ್ಕನಿಗೆ ಕಾಣುವುದು ಹಸಿರು ತೊಟ್ಟು, ಎಸಳಿನ ಬೆನ್ನು.

"ಅವಳಿಗೆ ಅಂತ ನೆಟ್ಟಿದ್ದಲ್ಲ. ಒದ್ದೆ ಇದ್ದಿದ್ದು ಇಲ್ಲಿ ಮಾತ್ರ. ಆದ್ರೆ ಅವಳು ಹೂವು ನೋಡ್ತಾಳಲ್ಲ, ಆಗ ಅವಳ ಮುಖ ನನಗೆ ಕಾಣತ್ತೆ. ನಾನು ಗಿಡದ ಹಿಂದೆ ಇರೋದು ಅವಳಿಗೆ ಗೊತ್ತಿಲ್ಲ. ಗೊತ್ತಿದ್ರೂ ಇರಬಹುದು."

ಹೊಸ ಪಂಪು ಬಂದರೆ ಈ ನೆಲ ಆರುತ್ತದೆ. ಕೊಡದಲ್ಲಿ ಹೊತ್ತು ಹಾಕಿ ಒಂದೆರಡು ಬುಡ ಉಳಿಸಿಕೊಂಡಾಳು, ಇಡೀ ಪಾತಿಯನ್ನಲ್ಲ. ತಂಗಿ ಬಟ್ಟೆ ಒಗೆಯುವಲ್ಲಿ ಕೊನೆಗೆ ಜಾಲಾಡಿದ ನೀರು ಹಿತ್ತಲಿಗೇ ಹರಿಯುತ್ತದೆ ಎಂದು ಬಸ್ಸಿನ ಕಂಡಕ್ಟರ್ ಹೇಳಿದ್ದೇ ತಡ, ಗಿಡ ಅಲ್ಲಿ ಬದುಕೀತು ಎಂದು ತೋಟದಕ್ಕನಿಗೆ ಆಸೆ ಹತ್ತಿತು. ಕಳೆದ ವಾರ ಅವನ ಬಾಯಲ್ಲಿ ಹೇಳಿಕಳಿಸಿದಳು: ಅಮ್ಮನ ಗಿಡದ ಒಂದು ತುಂಡು ಕೊಡ್ತೀನಿ, ತಗೊಳ್ತಾಳಾ ಕೇಳು.

"ಕೇಳಿದೆ. ಕಿಟಕಿ ಕಡೆ ತಿರುಗಿಕೊಂಡ್ರು" ಎಂದ ಅವನು ಮರುದಿನ. ಅದರ ಮರುದಿನ ಇಲ್ಲವೆಂದು ತಲೆಯಾಡಿಸಿದ, ಅಷ್ಟೇ. ಆದರೂ ನಿನ್ನೆ ಸಂಜೆ ಅವಳು ಒಂದು ಬುಡ ಅಗೆದು, ಬಿಳಿ ಮೊಳಕೆ ಇಣುಕುವ ತುಂಡನ್ನು ಆರಿಸಿ, ಒದ್ದೆ ಗೋಣಿಯಲ್ಲಿ ಸುತ್ತಿಟ್ಟಿದ್ದಾಳೆ.

ಬಸ್ಸು ಬರುತ್ತದೆ. ತೋಟದಕ್ಕ ಕಟ್ಟುತ್ತಿದ್ದ ಪಟ್ಟಿಯನ್ನು ಅರ್ಧಕ್ಕೇ ಬಿಟ್ಟು ಗಿಡದ ಹಿಂದೆ ಸರಿಯುತ್ತಾಳೆ. ಕಿಟಕಿಯಲ್ಲಿ ಆ ಮುಖ. ಅಮ್ಮನ ಗಲ್ಲ, ಅಮ್ಮನ ಹಾಗೆ ಬಿಗಿದ ತುಟಿ. ಕಂಡಕ್ಟರ್ ಇಳಿದು ಬೇಲಿಯ ಹತ್ತಿರ ಬರುತ್ತಾನೆ.

"ಅಕ್ಕಾ, ಎಲ್ಲಿದ್ದೀರಿ? ನಿಮ್ಮ ತಂಗಿ ಒಂದು ಮಾತು ಕೇಳಿ ಬಾ ಅಂದ್ರು. ಅದು ಅಂಚಿನದೋ ನಡುವಿನದೋ ಅಂತ. ಏನದು, ನನಗೊಂದೂ ತಿಳೀಲಿಲ್ಲ."

ತೋಟದಕ್ಕ ಕೆಸರುಗೈಯ ಹಿಂಬದಿಯಿಂದ ಮೂಗು ಒರೆಸಿಕೊಳ್ಳುತ್ತಾಳೆ.

"ಅಂಚಿನದು ಅಂತ ಹೇಳು. ನಡುವಿನದು ಈ ಸಲ ನಾನೇ ಇಟ್ಕೊಂಡಿದೀನಿ ಅಂತ ಹೇಳು."

ಡ್ರೈವರ್ ಹಾರನ್ ಹೊಡೆಯುತ್ತಾನೆ. ಕಂಡಕ್ಟರ್ ಓಡಿ ಹತ್ತುತ್ತಾನೆ, ಬಸ್ಸು ಹೊರಡುತ್ತದೆ. ಅವನು ಹಿಂದಿನ ಕಿಟಕಿಯತ್ತ ಬಗ್ಗಿ ಏನೋ ಹೇಳುವುದು ಕಾಣುತ್ತದೆ. ಅದಕ್ಕೆ ಏನು ಉತ್ತರ ಬಂತೋ ಕಾಣುವ ಮೊದಲೇ ಬಸ್ಸು ತಿರುವು ದಾಟುತ್ತದೆ.

ತೋಟದಕ್ಕ ಒಳಗೆ ಹೋಗಿ ಗೋಣಿಗೆ ಇನ್ನಷ್ಟು ನೀರು ಚಿಮುಕಿಸುತ್ತಾಳೆ. ನಾಳೆಯವರೆಗೆ ಆರಬಾರದು.

"ಅವಳು ಇಳಿದು ಬರೋದೇನೂ ಬೇಡ" ಎನ್ನುತ್ತಾಳೆ, ಬಿಟ್ಟ ಪಟ್ಟಿಯನ್ನು ಮತ್ತೆ ಕೈಗೆತ್ತಿಕೊಳ್ಳುತ್ತ. "ಕಿಟಕಿಯಿಂದ ಕೈ ಚಾಚಿದ್ರೆ ಸಾಕು. ಬೇಲಿಯಿಂದ ಅಷ್ಟು ದೂರ ನಾನೇ ಹೋಗ್ತೀನಿ."